ಮಕ್ಕಳ ಕೈಗೆ ಗಟ್ಟಿ ಕೈವಾರ ಕೊಡಿ

ಗದಗ, ಧಾರವಾಡ, ಹಾವೇರಿ ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ಮತ್ತು ಮಕ್ಕಳ ತಂದೆತಾಯಿಗಳಿಗೆ,

ನಮಸ್ಕಾರ.

ನಾನು ಗದಗ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಆರು, ಏಳು, ಎಂಟನೇ ತರಗತಿ. ಮಕ್ಕಳು ನನ್ನನ್ನು ಅಕ್ಕೋರು ಅಂತ ಕರೆಯುತ್ತಾರೆ. ಒಬ್ಬ ಹುಡುಗ, ಒಂದು ಸಡಿಲ ಕೈವಾರ, ಒಂದು ವೃತ್ತ. ಈ ಪತ್ರಕ್ಕೆ ಕಾರಣ ಇಷ್ಟೇ.

ಹೋದ ವರ್ಷ ದಸರಾ ರಜೆ ಮುಗಿದ ಮೇಲೆ ಆರನೇ ತರಗತಿಗೆ ಆ ಹುಡುಗ ಬಂದು ಸೇರಿದ. ಅಪ್ಪ ಅವ್ವ ಗೋವಾಕ್ಕೆ ದುಡಿಯಲು ಹೋಗಿದ್ದರು. ಇವನೂ ಅವರ ಜೊತೆಗಿದ್ದ. ನಡುವೆ ಎರಡು ಶಾಲೆ ಬಿಟ್ಟು ಬಂದ ಮಗು. ಐದು ನಿಮಿಷ ಕೂತಲ್ಲಿ ಕೂರುತ್ತಿರಲಿಲ್ಲ. ಪಕ್ಕದವನ ಪೆನ್ನು ಕಸಿಯೋದು, ಕಿಟಕಿ ಹತ್ರ ಹೋಗಿ ನಿಲ್ಲೋದು, ನೀರು ಕುಡಿದು ಬರ್ತೀನಿ ಅಂತ ಎದ್ದು ಹೋಗೋದು. 'ನಿನ್ನ ಧ್ಯಾನ ಎಲ್ಲೈತೋ?' ಅಂತ ದಿನಕ್ಕೆ ಹತ್ತು ಸಲ ಕೇಳಿದ್ದೇನೆ. ಅವನಿಗೂ ಗೊತ್ತಿರಲಿಲ್ಲ, ಪಾಪ.

ಒಂದು ಶನಿವಾರ ವೃತ್ತದೊಳಗೆ ಆರು ಎಸಳಿನ ಹೂವು ಬಿಡಿಸೋದನ್ನು ಹೇಳಿಕೊಟ್ಟೆ. ಮೊದಲು ಒಂದು ವೃತ್ತ. ಕೈವಾರದ ಬಾಯಿ ಅಗಲ ಬದಲಿಸಬಾರದು. ಮುಳ್ಳನ್ನು ವೃತ್ತದ ಗೆರೆಯ ಮೇಲೆ ಎಲ್ಲಾದರೂ ಊರಿ, ಗೆರೆಯ ಮೇಲೆ ಒಂದು ಗುರುತು. ಆ ಗುರುತಿಗೆ ಮುಳ್ಳು ಊರಿ ಮತ್ತೊಂದು. ಹೀಗೇ ಸುತ್ತುತ್ತಾ ಹೋದರೆ ಆರನೇ ಗುರುತು ಸರಿಯಾಗಿ ಮೊದಲು ಹೊರಟ ಚುಕ್ಕಿಗೇ ಬಂದು ಕೂಡಬೇಕು.

ಅವನದು ಕೂಡಲಿಲ್ಲ. ಒಂದು ಜೋಳದ ಕಾಳಿನಷ್ಟು ಸಂದು ಉಳಿಯಿತು. ಬಿಟ್ಟು ಎದ್ದು ಹೋಗ್ತಾನೆ ಅಂದುಕೊಂಡೆ. ಹೋಗಲಿಲ್ಲ. ಅಳಿಸಿ ಮತ್ತೆ ಮಾಡಿದ. ಈ ಸಲ ಸಂದು ಇನ್ನೊಂದು ಕಡೆ ಬಂತು. ಮೂರನೇ ಸಲಕ್ಕೆ ಕೈವಾರವನ್ನು ಕಣ್ಣಿನ ಹತ್ರ ಹಿಡಿದು ನೋಡಿದ. ಪೆನ್ಸಿಲ್ ಹಿಡಿಯೋ ತಿರುಪು ಸವೆದಿತ್ತು. ತಿರುಗಿಸುವಾಗ ಪೆನ್ಸಿಲ್ ಕೂದಲೆಳೆಯಷ್ಟು ಜಾರುತ್ತಿತ್ತು. ಇದನ್ನು ನಾನು ಹೇಳಲಿಲ್ಲ, ಅವನೇ ಕಂಡುಹಿಡಿದ. ವಹಿಯ ಅಂಚಿನಿಂದ ಒಂದು ಚೂರು ಕಾಗದ ಹರಿದು, ಪೆನ್ಸಿಲ್‌ಗೆ ಸುತ್ತಿ, ಬಿಗಿ ಮಾಡಿದ. ನಾಲ್ಕನೇ ಸಲ ತುಟಿ ಕಚ್ಚಿಕೊಂಡು, ಮೆಲ್ಲಗೆ ತಿರುಗಿಸಿದ. ಆಮೇಲೆ ಇಡೀ ಕೋಣೆಗೆ ಕೇಳುವಂತೆ ಕೂಗಿದ: 'ಅಕ್ಕೋರ, ಬರೋಬರಿ ಕೂಡಿತ್ರಿ!'

ಗಡಿಯಾರ ನೋಡಿದೆ. ನಲವತ್ತು ನಿಮಿಷ ಆಗಿತ್ತು.

ಆ ನಲವತ್ತು ನಿಮಿಷದಲ್ಲಿ ಅವನು ಕಲಿತದ್ದು ಏನು ಅಂತ ನೋಡಿ. ತ್ರಿಜ್ಯ ಅಂದರೆ ಏನು ಅಂತ ಕೈಗೆ ಗೊತ್ತಾಯಿತು. ವೃತ್ತದೊಳಗೆ ಆರು ಸಮಬಾಹು ತ್ರಿಭುಜ ಕೂರುತ್ತವೆ, ಒಂದೊಂದರ ಕೋನ 60 ಡಿಗ್ರಿ, ಆರು ಸೇರಿದರೆ 360 ಅನ್ನೋದನ್ನು ಸೋಮವಾರ ಹೇಳಿದಾಗ ಅವನಿಗೆ ಅದು ಹೊಸ ಸುದ್ದಿ ಅನಿಸಲೇ ಇಲ್ಲ. ಜೊತೆಗೆ ಅವನ ಧ್ಯಾನ ಅಷ್ಟೂ ಹೊತ್ತು ಒಂದೇ ಕಡೆ ಇತ್ತು. ಯಾರೂ ಅವನಿಗೆ ಸುಮ್ನೆ ಕೂತ್ಕೋ ಅಂದಿರಲಿಲ್ಲ.

ಈಗ ಎಲ್ಲ ಕಡೆ ಮೈಂಡ್‌ಫುಲ್‌ನೆಸ್, ಅಂದರೆ ಮನಸ್ಸನ್ನು ಈ ಕ್ಷಣದ ಮೇಲೆ ನಿಲ್ಲಿಸೋ ಅಭ್ಯಾಸ, ಅನ್ನೋ ಮಾತು ಕೇಳಿಬರುತ್ತಿದೆ. ಮಕ್ಕಳ ಮನಸ್ಸಿನ ಬಗ್ಗೆ ಯೋಚನೆ ಮಾಡ್ತಿದ್ದಾರಲ್ಲ, ಅದು ಒಳ್ಳೆಯದೇ. ಎರಡು ವರ್ಷದ ಹಿಂದೆ ನಮ್ಮ ಶಾಲೆಗೂ ಒಂದು ತಂಡದವರು ಬಂದಿದ್ದರು. ಮಕ್ಕಳನ್ನು ಸಾಲಾಗಿ ಕೂರಿಸಿ, ಕಣ್ಣು ಮುಚ್ಚಿಸಿ, ಮೊಬೈಲ್‌ನಲ್ಲಿ ಒಂದು ಧ್ವನಿ ಹಾಕಿದರು. ಇಪ್ಪತ್ತು ನಿಮಿಷ. ಐದು ನಿಮಿಷಕ್ಕೆ ಅರ್ಧ ಮಕ್ಕಳು ಒಂದು ಕಣ್ಣು ತೆರೆದು ಪಕ್ಕದವರನ್ನು ನೋಡ್ತಿದ್ದರು. ನಕ್ಕವರಿಗೆ ಬೈಗುಳ ಬಿತ್ತು. ಫೋಟೋ ತೆಗೆದುಕೊಂಡು ಹೋದರು. ಮತ್ತೆ ಬರಲಿಲ್ಲ.

ಬ್ರಿಟನ್ನಿನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲೇ ಮಾಡಿ ನೋಡಿದ್ದಾರೆ. 80ಕ್ಕೂ ಜಾಸ್ತಿ ಶಾಲೆ, 8 ಸಾವಿರಕ್ಕೂ ಜಾಸ್ತಿ ಮಕ್ಕಳು. ಮೈಂಡ್‌ಫುಲ್‌ನೆಸ್ ಅನ್ನು ಪಾಠದ ಹಾಗೆ ಹೇಳಿಕೊಟ್ಟ ಶಾಲೆಗಳ ಮಕ್ಕಳಿಗೂ ಉಳಿದ ಶಾಲೆಗಳ ಮಕ್ಕಳಿಗೂ ಮನಸ್ಸಿನ ನೆಮ್ಮದಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ ಅಂತ 2022ರಲ್ಲಿ ವರದಿ ಬಂತು. ಅಲ್ಲಿಯ ಮಕ್ಕಳು ಬೇರೆ, ನಮ್ಮವರು ಬೇರೆ ಅಂತ ನೀವು ಹೇಳಬಹುದು. ಆದರೆ ಹನ್ನೆರಡು ವರ್ಷದ ಮಗು ಎಲ್ಲಿದ್ದರೂ ಹನ್ನೆರಡು ವರ್ಷದ ಮಗುವೇ ಅಲ್ವಾ? ಅದಕ್ಕೆ ಕೈಯಲ್ಲಿ ಏನಾದರೂ ಬೇಕು.

ಇನ್ನೊಂದು ಚಿಕ್ಕ ಪ್ರಯೋಗವಿದೆ. 2005ರಲ್ಲಿ ಅಮೆರಿಕದಲ್ಲಿ 84 ಕಾಲೇಜು ವಿದ್ಯಾರ್ಥಿಗಳ ಜೊತೆ ಮಾಡಿದ್ದು. ಮೊದಲು ಅವರ ಮನಸ್ಸಿಗೆ ಸ್ವಲ್ಪ ಕಳವಳ ಬರುವಂತೆ ಮಾಡಿ, ಆಮೇಲೆ ಬಣ್ಣ ತುಂಬಲು ಕೊಟ್ಟರು. ಕೆಲವರಿಗೆ ಮಂಡಲ (ವೃತ್ತದೊಳಗೆ ಕ್ರಮವಾಗಿ ಬಿಡಿಸಿದ ಚಿತ್ರ), ಕೆಲವರಿಗೆ ಚೌಕಡಿ ಚಿತ್ರ, ಕೆಲವರಿಗೆ ಬರೀ ಖಾಲಿ ಹಾಳೆ. ಮಂಡಲದವರ ಕಳವಳ ಇಳಿಯಿತು. ಚೌಕಡಿಯವರದೂ ಹೆಚ್ಚುಕಮ್ಮಿ ಅಷ್ಟೇ ಇಳಿಯಿತು. ಖಾಲಿ ಹಾಳೆಯವರದು ಇಳಿಯಲಿಲ್ಲ. ಇಷ್ಟರಿಂದ ದೊಡ್ಡ ಮಾತು ಹೇಳೋಕಾಗಲ್ಲ. ಆದರೂ ನನಗೆ ಅನಿಸಿದ್ದು ಇದು. ಮಂಡಲದಲ್ಲಿ ಮಂತ್ರ ಮಾಯೆ ಏನೂ ಇಲ್ಲ. ಒಂದು ಕ್ರಮ ಇದೆ, ಆ ಕ್ರಮ ಹಿಡಿದು ಕೈ ಮುಂದೆ ಹೋಗುತ್ತೆ, ಮನಸ್ಸು ಅದರ ಹಿಂದೆ ಬರುತ್ತೆ. 'ನಿನಗೆ ಬೇಕಾದ್ದು ಬಿಡಿಸು' ಅಂತ ಖಾಲಿ ಹಾಳೆ ಕೊಟ್ಟಾಗ ನಮ್ಮ ಮಕ್ಕಳು ಕೂಡ ಹತ್ತು ನಿಮಿಷ ಪೆನ್ಸಿಲ್ ಕಚ್ಚುತ್ತಾ ಕೂತು, ಕೊನೆಗೆ ಎರಡು ಗುಡ್ಡ, ನಡುವೆ ಸೂರ್ಯ ಬಿಡಿಸಿ ಕೊಡ್ತಾರೆ.

ವೃತ್ತದಲ್ಲಿ ಇನ್ನೊಂದು ಗುಣ ಇದೆ. ತಪ್ಪಾದರೆ ತಾನೇ ಹೇಳುತ್ತೆ. ನಾನು ಕೆಂಪು ಪೆನ್ನು ಹಿಡಿದು ಹೇಳಬೇಕಿಲ್ಲ. ಸಂದು ಕಣ್ಣಿಗೆ ಕಾಣುತ್ತೆ. ಬೈಗುಳ ಇಲ್ಲದೆ ತಪ್ಪು ಗೊತ್ತಾದಾಗ ಮಗು ಅದನ್ನು ತಿದ್ದೋಕೆ ಹೋಗುತ್ತೆ, ಮುಚ್ಚಿಡೋಕೆ ಹೋಗಲ್ಲ. ಹನ್ನೊಂದು ವರ್ಷ ಪಾಠ ಮಾಡಿದ ಮೇಲೆ ನನಗೆ ಇದು ಸರಿಯಾಗಿ ಅರ್ಥವಾಗಿದ್ದು ಆ ಜೋಳದ ಕಾಳಿನಷ್ಟು ಸಂದಿನಿಂದ.

ಮಂಡಲ ಅಂದ ಕೂಡಲೇ ಇದು ಎಲ್ಲಿಂದಲೋ ಬಂದ ಹೊಸ ಫ್ಯಾಷನ್ ಅಂದುಕೊಳ್ಳಬೇಡಿ. ಮಂಡಲ ಅಂದರೆ ಸುತ್ತು, ವೃತ್ತ. ನಮ್ಮ ಮನೆಗಳ ಮುಂದೆ ದಿನಾ ಬೆಳಗ್ಗೆ ಥಳಿ ಹೊಡೆದು ಹಾಕೋ ರಂಗೋಲಿಗೂ ಇದಕ್ಕೂ ಹತ್ತಿರದ ನಂಟು. ಏಳನೇ ತರಗತಿಯ ಒಬ್ಬ ಹುಡುಗಿ ತನ್ನ ಆಯಿಯನ್ನು (ಅಜ್ಜಿಯನ್ನು) ಶಾಲೆಗೆ ಕರೆದುಕೊಂಡು ಬಂದಳು. ಆಯಿಗೆ ಓದು ಬರಹ ಬರಲ್ಲ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳು ತೋರುಬೆರಳಿನ ನಡುವೆ ರಂಗೋಲಿ ಪುಡಿ ಹಿಡಿದು, ಹದಿನೈದು ಚುಕ್ಕಿಯ ಒಂದು ಸಾಲು ಇಟ್ಟರು. ಅದರ ಎರಡೂ ಬದಿಗೆ ಸಂದು ಚುಕ್ಕಿ. ಹದಿನಾಲ್ಕು, ಹದಿಮೂರು, ಹೀಗೆ ಇಳಿಯುತ್ತಾ ಎಂಟಕ್ಕೆ ನಿಲ್ಲಿಸಿದರು. ಅಳತೆಪಟ್ಟಿ ಇಲ್ಲ, ದಾರ ಇಲ್ಲ. ಸಾಲು ಸೊಟ್ಟ ಆಗಲಿಲ್ಲ.

'ಒಟ್ಟು ಎಷ್ಟು ಚುಕ್ಕಿ ಆದವು ಆಯಿ?' ಅಂತ ಕೇಳಿದೆ.

'ಎಣಿಸಿ ಇಡತೀವೇನ್ರಿ ಅಕ್ಕೋರ? ಕೈಗೆ ಗೊತ್ತಿರತೈತಿ' ಅಂದರು.

ಮಕ್ಕಳು ಎಣಿಸಿದರು. 169. ಹಾಗಾದರೆ ಚಿಕ್ಕ ರಂಗೋಲಿಗೆ ಎಷ್ಟು ಅಂತ ಹಿಂದಕ್ಕೆ ಹೋದೆವು. ಮೂರರಿಂದ ಎರಡಕ್ಕೆ ಇಳಿದರೆ 7 ಚುಕ್ಕಿ. ಐದರಿಂದ ಮೂರಕ್ಕೆ 19. ಏಳರಿಂದ ನಾಲ್ಕಕ್ಕೆ 37. ಒಂಬತ್ತರಿಂದ ಐದಕ್ಕೆ 61. ಹಲಗೆ ಮೇಲೆ ಬರೆದು, ಎಷ್ಟೆಷ್ಟು ಹೆಚ್ಚಾಯಿತು ನೋಡಿ ಅಂದೆ. ಒಂದೇ ಚುಕ್ಕಿಯಿಂದ ಶುರು ಮಾಡಿದರೆ 6, ಆಮೇಲೆ 12, ಆಮೇಲೆ 18, ಆಮೇಲೆ 24. ಆರರ ಮಗ್ಗಿ! ಹಿಂದಿನ ಸಾಲಲ್ಲಿ ಕೂತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, 'ಸುತ್ತಲೂ ಆರು ಬದಿ ಅದಾವಲ್ರಿ, ಅದಕ್ಕ' ಅಂದಳು. ಆಯಿ ಇದನ್ನೆಲ್ಲ ಕೇಳುತ್ತಾ ಕೂತಿದ್ದರು. ಅವರ ಮುಖದಲ್ಲಿ ಆ ದಿನ ಕಂಡ ಹಿಗ್ಗನ್ನು ಮರೆಯೋಕಾಗಲ್ಲ. ಅರವತ್ತು ವರ್ಷ ಅವರು ಹಾಕಿದ್ದು ಗಣಿತ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಗಂಡು ಹುಡುಗರು ಮೊದಮೊದಲು 'ಇದು ಹುಡುಗೇರ ಕೆಲಸ' ಅಂತ ದೂರ ನಿಂತರು. ಹುರಿ, ಮೊಳೆ ಕೊಟ್ಟು ಮೈದಾನದಲ್ಲಿ ಹತ್ತು ಅಡಿಯ ವೃತ್ತ ಎಳೆಯಿರಿ ಅಂದಾಗ ಎಲ್ಲರೂ ಓಡಿ ಬಂದರು.

ಕಸೂತಿಯೂ ಹೀಗೇ. ಧಾರವಾಡದ ಕಸೂತಿಗೆ ಬಟ್ಟೆ ಮೇಲೆ ಗೆರೆ ಎಳೆದುಕೊಳ್ಳಲ್ಲ. ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟಿದ್ದನ್ನು ತುಂಬೋದು, ಹಾಗಾಗಿ ಎರಡೂ ಬದಿ ಒಂದೇ ತರ ಕಾಣುತ್ತೆ. ಒಂದು ಎಳೆ ತಪ್ಪಿದರೆ ತೇರು ವಾಲುತ್ತೆ. ಇದೂ ತಪ್ಪನ್ನು ತಾನೇ ಹೇಳೋ ಕೆಲಸ.

ಈಗ ಡಂಬಳಕ್ಕೆ ಬರ್ತೀನಿ. ಈ ಪತ್ರದಲ್ಲಿ ನಾನು ಬಹಳ ಹೇಳಬೇಕು ಅಂತಿರೋದು ಇದನ್ನೇ.

ಮುಂಡರಗಿ ತಾಲೂಕಿನ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ ಇದೆ. ಚಾಲುಕ್ಯರ ಕಾಲದ್ದು, 12ನೇ ಶತಮಾನದ್ದು. ಅದರ ಗರ್ಭಗುಡಿಯ ತಳವಿನ್ಯಾಸ 24 ಮೂಲೆಯ ನಕ್ಷತ್ರ. ನಮ್ಮ ಕಡೆ ಇಂಥದ್ದು ಬಹಳ ಅಪರೂಪ. ಗೋಡೆಯ ಪಕ್ಕ ನಡೆದರೆ ಕಲ್ಲು ಹಲ್ಲುಹಲ್ಲಾಗಿ ಒಳಗೆ ಹೊರಗೆ ಹೋಗುತ್ತಾ ಇರುತ್ತೆ, ಬಿಸಿಲು ಒಂದು ಮೂಲೆಗೆ ಬಿದ್ದರೆ ಪಕ್ಕದ್ದಕ್ಕೆ ನೆರಳು. ಎಂಟನೇ ತರಗತಿಯವರನ್ನು ಕರೆದುಕೊಂಡು ಹೋಗಿದ್ದೆ. ಮೂಲೆ ಎಣಿಸಿ ಅಂದೆ. ಎಣಿಕೆ ಪೂರ್ತಿ ಆಗಲಿಲ್ಲ, ಯಾಕಂದ್ರೆ ಮಂಟಪ ಬಂದು ಕೂಡುವ ಕಡೆ ಮೂಲೆಗಳು ಮರೆಯಾಗಿವೆ. ಕಂಡಷ್ಟನ್ನು ವಹಿಯಲ್ಲಿ ಬರೆದುಕೊಂಡರು. ಉಳಿದದ್ದನ್ನು ಶಾಲೆಗೆ ಬಂದು ಹುಡುಕಿದೆವು.

ಹುಡುಕಿದ್ದು ಹೀಗೆ. ರಟ್ಟಿನ ಒಂದು ಚೌಕ ಕತ್ತರಿಸಿ, ಅದರ ನಟ್ಟನಡುವೆ ಗುಂಡುಪಿನ್ನು ಚುಚ್ಚಿ ಹಾಳೆ ಮೇಲೆ ಇಟ್ಟೆವು. ಅಂಚು ಹಿಡಿದು ಗೆರೆ ಎಳೆಯೋದು. ಕೋನಮಾಪಕ ಇಟ್ಟು 15 ಡಿಗ್ರಿ ತಿರುಗಿಸೋದು, ಮತ್ತೆ ಗೆರೆ. ಮತ್ತೆ 15. ಆರು ಸಲ ಗೆರೆ ಎಳೆದ ಮೇಲೆ ಏಳನೇ ಸಲಕ್ಕೆ ಚೌಕ ಮೊದಲಿನ ಜಾಗಕ್ಕೇ ಬಂದು ಕೂತಿತು. ಆರು ಚೌಕ, ಒಂದಕ್ಕೆ ನಾಲ್ಕು ಮೂಲೆ, ಒಟ್ಟು 24. ಪಿನ್ನು ತೆಗೆದು ರಟ್ಟು ಎತ್ತಿದಾಗ ಹಾಳೆ ಮೇಲೆ ದೊಡ್ಡಬಸಪ್ಪನ ಗುಡಿ ಇತ್ತು. ಯಾರೂ ಮಾತಾಡಲಿಲ್ಲ. ಎಂಟನೇ ತರಗತಿ ಹುಡುಗರು ತಾವಾಗಿ ಸುಮ್ನಾಗೋದು ಎಷ್ಟು ಅಪರೂಪ ಅಂತ ಪಾಠ ಮಾಡೋರಿಗೆ ಗೊತ್ತು.

ಆಮೇಲೆ ಒಬ್ಬ ಕೇಳಿದ, ಎರಡೇ ಚೌಕ ಸಾಕು ಅಂದರೆ? 45 ಡಿಗ್ರಿ ತಿರುಗಿಸಿ ನೋಡು ಅಂದೆ. ಎಂಟು ಮೂಲೆಯ ನಕ್ಷತ್ರ ಬಂತು. ವಿಜಯಪುರದ ಗೋಲಗುಮ್ಮಟದ ಚಿತ್ರ ತೋರಿಸಿದೆ. ಚೌಕದ ಕಟ್ಟಡದ ಮೇಲೆ ದುಂಡನೆ ಗುಮ್ಮಟ ಕೂರಿಸೋಕೆ ಅಲ್ಲಿ ಎಂಟು ಕಮಾನು ಒಂದನ್ನೊಂದು ಹಾಯ್ದು ಹೋಗುತ್ತವೆ. ಅವುಗಳ ಲೆಕ್ಕ ಇದೇ ಎರಡು ತಿರುಗಿದ ಚೌಕ. 'ನಾವು ಅಲ್ಲಿ ಪ್ರವಾಸಕ್ಕ ಹೋಗಿ ಬರೀ ಕೂಗಿ ಬಂದ್ವಿ ನೋಡ್ರಿ' ಅಂತ ಒಬ್ಬಳು ಬೇಜಾರು ಮಾಡಿಕೊಂಡಳು.

ಇನ್ನೊಬ್ಬ ಏಳು ಎಸಳಿನ ಹೂವು ಬೇಕು ಅಂತ ಹಠ ಹಿಡಿದ. 360ನ್ನು ಏಳರಿಂದ ಭಾಗಿಸಿದರೆ 51 ಬಂದು 3 ಉಳಿಯಿತು. ಕೈವಾರ, ಅಳತೆ ಗುರುತಿಲ್ಲದ ಪಟ್ಟಿ ಎರಡರಿಂದಲೇ ಸರಿಯಾದ ಏಳು ಭಾಗ ಮಾಡೋಕೆ ಸಾಧ್ಯವೇ ಇಲ್ಲ ಅಂತ 19ನೇ ಶತಮಾನದಲ್ಲಿ ಸಾಬೀತಾಗಿದೆ ಅಂದೆ. ಅವನು ಇನ್ನೂ ಪ್ರಯತ್ನ ಬಿಟ್ಟಿಲ್ಲ. ಬಿಡಬೇಡ ಅಂದಿದ್ದೇನೆ.

ಕೆಲವು ಪಾಲಕರು ಬಂದು ಕೇಳಿದ್ದಾರೆ, ಇದು ಪೂಜೆಗೆ ಸಂಬಂಧಪಟ್ಟಿದ್ದೇನ್ರಿ ಅಂತ. ಕೇಳಿದ್ದು ತಪ್ಪಲ್ಲ. ಮಂಡಲವನ್ನು ಪೂಜೆಗೆ ಬಳಸುವವರು ಇದ್ದಾರೆ. ಹುಬ್ಬಳ್ಳಿ ಕಡೆಯಿಂದ ಮುಂಡಗೋಡದ ಟಿಬೆಟನ್ ಕಾಲನಿ ನೋಡೋಕೆ ಬಹಳ ಜನ ಹೋಗ್ತಾರೆ. ಟಿಬೆಟಿನ ಭಿಕ್ಕುಗಳಲ್ಲಿ ಬಣ್ಣದ ಮರಳಿನಿಂದ ಮಂಡಲ ಮಾಡೋ ಪದ್ಧತಿ ಇದೆ. ಗೀರುಗಳಿರೋ ಸಣ್ಣ ಲೋಹದ ಕೊಳವೆಯನ್ನು ಇನ್ನೊಂದರಿಂದ ಉಜ್ಜಿ, ಮರಳನ್ನು ಕಾಳುಕಾಳಾಗಿ ಉದುರಿಸುತ್ತಾ ದಿನಗಟ್ಟಲೆ ಕೂತು ಮಾಡ್ತಾರೆ. ಪೂರ್ತಿ ಆದ ಮೇಲೆ ಗುಡಿಸಿ, ಹರಿಯೋ ನೀರಿಗೆ ಬಿಡ್ತಾರೆ. ಅದು ಅವರ ಧರ್ಮ, ಅದಕ್ಕೆ ಅದರದ್ದೇ ಅರ್ಥ ಇದೆ. ನಮ್ಮ ತರಗತಿಯಲ್ಲಿ ನಾವು ಮಾಡೋದು ಗಣಿತ. ದೇವರ ಚಿತ್ರ ಇಲ್ಲ, ಮಂತ್ರ ಇಲ್ಲ. ಗುಡಿಯ ನಕ್ಷತ್ರವೂ ಗುಮ್ಮಟದ ನಕ್ಷತ್ರವೂ ಒಂದೇ ಹಾಳೆ ಮೇಲೆ ಒಂದೇ ಪಿನ್ನಿನಿಂದ ಬಂದಿವೆ. ಯಾವ ಮನೆಯ ಮಗುವೂ ಇಲ್ಲಿ ಹೊರಗಿನವರಾಗಬಾರದು. ಈ ಮಾತಲ್ಲಿ ನಾನು ಬಿಗಿಯಾಗಿದ್ದೇನೆ.

ಇನ್ನು ಅಧಿಕಾರಿಗಳಲ್ಲಿ ನನ್ನ ಕೋರಿಕೆ.

ಮೊದಲನೇದು ಕೈವಾರ. ಮಕ್ಕಳ ಕಂಪಾಸ್ ಬಾಕ್ಸ್‌ನಲ್ಲಿ ಬರೋ ಕೈವಾರಗಳಲ್ಲಿ ಬಹಳಷ್ಟು ತಗಡಿನವು. ತಿರುಪು ಒಂದು ತಿಂಗಳೂ ಬಾಳಲ್ಲ. ಬಡವರ ಮನೆ ಮಗು ಅದೇ ಸಡಿಲ ಕೈವಾರದಲ್ಲಿ ವರ್ಷ ಪೂರ್ತಿ ಬಿಡಿಸಿ, ತನಗೆ ರೇಖಾಗಣಿತ ಬರಲ್ಲ ಅಂದುಕೊಳ್ಳುತ್ತೆ. ಬರಲ್ಲ ಅನ್ನೋದು ಸುಳ್ಳು. ತಪ್ಪು ತಿರುಪಿನದು. ತರಗತಿಗೆ ಒಂದೊಂದು ಮಗುವಿಗೂ ಅಲ್ಲದಿದ್ದರೂ ಇಬ್ಬರಿಗೆ ಒಂದರಂತೆ ಗಟ್ಟಿ ಕೈವಾರ ಶಾಲೆಯಲ್ಲೇ ಇರಲಿ. ಮನೆಗೆ ಒಯ್ಯೋದು ಬೇಡ. ಜೊತೆಗೆ ಗೆರೆ ಇಲ್ಲದ ದಪ್ಪ ಹಾಳೆ. ಎಸ್‌ಡಿಎಂಸಿಯವರೇ, ಊರಲ್ಲಿ ಯಾರಾದರೂ ಮಗುವಿನ ಹುಟ್ಟುಹಬ್ಬಕ್ಕೆ ಶಾಲೆಗೆ ಏನು ಕೊಡಲಿ ಅಂತ ಕೇಳಿದರೆ ಇದನ್ನು ಹೇಳಿ.

ತಿಂಗಳಿಗೊಮ್ಮೆ ಬ್ಯಾಗಿಲ್ಲದ ಸಂಭ್ರಮ ಶನಿವಾರ ಇದೆ. ಅದರಲ್ಲಿ ಒಂದು ತಾಸು ಅಂಗಳದ ರಂಗೋಲಿಗೆ, ಹುರಿ ಮೊಳೆಯ ವೃತ್ತಕ್ಕೆ ಬಿಡಿ. ಊರಿನ ಆಯಿಗಳನ್ನು, ಕಸೂತಿ ಬಲ್ಲವರನ್ನು ಕರೆಸೋಕೆ ಶಾಲೆಗೆ ಒಪ್ಪಿಗೆ ಕೊಡಿ. ಅವರು ದೂರದಿಂದ ಬರಬೇಕಿಲ್ಲ, ಓಣಿಯಲ್ಲೇ ಇದ್ದಾರೆ.

ಪ್ರವಾಸದ ವಿಷಯ. ದೂರದ ಪ್ರವಾಸ ಬೇಡ ಅನ್ನಲ್ಲ, ಮಕ್ಕಳಿಗೆ ಅದು ಖುಷಿ. ಅದರ ಜೊತೆಗೆ ವರ್ಷಕ್ಕೆ ಒಂದು ದಿನ, ಬುತ್ತಿ ಕಟ್ಟಿಕೊಂಡು, ಹತ್ತಿರದ ಒಂದು ಜಾಗ. ಗದಗದವರಿಗೆ ಡಂಬಳ, ಲಕ್ಕುಂಡಿ. ಹಾವೇರಿಯವರಿಗೆ ಹಾನಗಲ್ಲಿನ ತಾರಕೇಶ್ವರ. ಅಲ್ಲಿಯ ಮಂಟಪದಲ್ಲಿ ಅಂಗಾತ ಮಲಗಿ ಮೇಲೆ ನೋಡಿದರೆ ಚಾವಣಿಯಲ್ಲಿ ಕಲ್ಲಿನ ದೊಡ್ಡ ಕಮಲ. ಹುಬ್ಬಳ್ಳಿಯವರಿಗೆ ಉಣಕಲ್ಲಿನ ಚಂದ್ರಮೌಳೇಶ್ವರ ಊರೊಳಗೇ ಇದೆ. ಕಲ್ಲಿನ ಮೇಲೆ ಚಾಕ್‌ಪೀಸ್ ಹಚ್ಚಬಾರದು. ವಹಿ, ಪೆನ್ಸಿಲ್ ಸಾಕು.

ಶಿಕ್ಷಕರ ತರಬೇತಿ ಮಾಡೋದಾದರೆ ದಯವಿಟ್ಟು ಭಾಷಣ, ಪರದೆ ಮೇಲಿನ ಚಿತ್ರ ಬೇಡ. ನಮ್ಮನ್ನು ನೆಲದ ಮೇಲೆ ಕೂರಿಸಿ, ಕೈಗೆ ಕೈವಾರ ಕೊಡಿ. ನಮ್ಮದೂ ಆರನೇ ಗುರುತು ಕೂಡಲ್ಲ ಅಂತ ನಮಗೇ ಗೊತ್ತಾಗಲಿ.

ಒಂದು ಕೋರಿಕೆ ಬೇಡ ಅನ್ನೋದರ ಬಗ್ಗೆ. ಇದನ್ನು ಸ್ಪರ್ಧೆ ಮಾಡಬೇಡಿ. ಮೊದಲ ಬಹುಮಾನ, ಎರಡನೇ ಬಹುಮಾನ ಬಂತು ಅಂದರೆ ಮನೆಯಲ್ಲಿ ಅಕ್ಕ ಬಿಡಿಸಿಕೊಟ್ಟ ಹಾಳೆ ಶಾಲೆಗೆ ಬರುತ್ತೆ. ಅಂಕ ಬೇಡ. ಪ್ರತಿ ಶನಿವಾರ ಇಷ್ಟು ಫೋಟೋ ಕಳಿಸಿ ಅನ್ನೋ ಸುತ್ತೋಲೆಯಂತೂ ಬೇಡವೇ ಬೇಡ. ಮಗು ಬಿಡಿಸುವಾಗ ಮುಖದ ಹತ್ರ ಮೊಬೈಲ್ ಹಿಡಿದರೆ ಅದರ ಧ್ಯಾನ ಅಲ್ಲಿಗೇ ಮುರಿಯುತ್ತೆ. ನಾನೇ ಒಮ್ಮೆ ಹಾಗೆ ಮಾಡಿ ಒಬ್ಬಳ ವೃತ್ತ ಕೆಡಿಸಿದ್ದೇನೆ.

ಪಾಲಕರೇ, ನಿಮ್ಮ ಮಗು ಭಾನುವಾರ ತಾಟು ಬೋರಲು ಹಾಕಿ ಗೋಡೆ ಮೇಲೆ ವೃತ್ತ ಎಳೆದರೆ ತಕ್ಷಣ ಹೊಡೀಬೇಡಿ. ಹಳೇ ಕ್ಯಾಲೆಂಡರಿನ ಹಿಂಬದಿ ಕೊಡಿ. ಪೂರ್ತಿ ಆಗೋ ತನಕ ಊಟಕ್ಕೆ ಕರೀಬೇಡಿ. ಹತ್ತು ನಿಮಿಷ ತಡ ಆದರೆ ಏನಾಗುತ್ತೆ?

ಗೋವಾದಿಂದ ಬಂದ ಆ ಹುಡುಗ ಈಗಲೂ ಪಾಠದ ನಡುವೆ ಎದ್ದು ನೀರು ಕುಡಿಯೋಕೆ ಹೋಗ್ತಾನೆ. ಎಲ್ಲ ಬದಲಾಯಿತು ಅಂತ ನಾನು ಹೇಳಲ್ಲ. ಆದರೆ ಈಗ ತರಗತಿಯ ಕೈವಾರಗಳ ರಿಪೇರಿ ಅವನದೇ. ಯಾರದಾದರೂ ಗುರುತು ಕೂಡದಿದ್ದರೆ ಮೊದಲು ಅವನ ಹತ್ರ ಒಯ್ಯುತ್ತಾರೆ. ಅವನು ಕಣ್ಣು ಕಿರಿದು ಮಾಡಿ ತಿರುಪು ನೋಡ್ತಾನೆ.

ಬರೋ ತಿಂಗಳು ನಾವು ಮೈದಾನದಲ್ಲಿ ಡಂಬಳದ ನಕ್ಷತ್ರವನ್ನು ದೊಡ್ಡದಾಗಿ ಬಿಡಿಸಬೇಕು ಅಂದುಕೊಂಡಿದ್ದೇವೆ. ಆರು ಚೌಕ, ಒಂದೊಂದು ಬದಿ ಹನ್ನೆರಡು ಅಡಿ. ಸುಣ್ಣದ ಪುಡಿ ಊರವರು ಕೊಟ್ಟಿದ್ದಾರೆ. ಶನಿವಾರ ಮುಂಜಾನೆ, ಬಿಸಿಲು ಏರೋ ಮೊದಲು. ನಿಮ್ಮಲ್ಲಿ ಯಾರಾದರೂ ಬರೋದಾದರೆ ಮುಂಚೆ ತಿಳಿಸಬೇಕಿಲ್ಲ, ಹಾರ ತುರಾಯಿ ಇರಲ್ಲ. ನಡುವಿನ ಮೊಳೆ ಹತ್ರ ಹುರಿ ಅಲುಗದಂತೆ ಹಿಡಿದು ಕೂರೋಕೆ ಒಬ್ಬರು ದೊಡ್ಡವರು ಬೇಕು. ಆ ಜಾಗ ನಿಮಗೆ ಇಟ್ಟಿರ್ತೀವಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ
ಗದಗ ತಾಲೂಕು